ಯಾರಿಗೂ ಏನೂ ಆಗಿಲ್ಲ

ಹೊಸದುರ್ಗದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಬೇಕರಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ, ಎಂಟು ಅಡಿ ಅಗಲದ ಒಂದು ಆನ್‌ಲೈನ್ ಸೆಂಟರ್ ಇದೆ. ಅದರೊಳಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುವವಳು ನಾನು. ಪಹಣಿ, ಆಧಾರ್ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಫಲಿತಾಂಶ, ಮರೆತುಹೋದ ಪಾಸ್‌ವರ್ಡ್ ಎಲ್ಲ ನನ್ನ ಹತ್ತಿರವೇ ಬರುತ್ತವೆ. ಮಾಡದಕೆರೆ ಕಡೆಯ ಅಜ್ಜಿಯರು ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟು, "ನೆಟ್‌ನಾಗೆ ಎಲ್ಲಾ ಐತಂತಲ್ಲ ತಾಯಿ, ಸ್ವಲ್ಪ ನೋಡು" ಎನ್ನುತ್ತಾರೆ. ನಾನು ನೋಡುತ್ತೇನೆ. ಸಿಗುವವರೆಗೆ ಬಿಡುವವಳಲ್ಲ. ಅಕ್ಕಪಕ್ಕದ ಅಂಗಡಿಯವರು ನನ್ನನ್ನು ಹಟಮಾರಿ ಎಂದು ಕರೆಯುವುದು ಈ ಕಾರಣಕ್ಕೇ.

ಇಂಥ ನನಗೆ, ಸ್ವಂತ ಗಂಡನ ಕಾಯಿಲೆಯ ಹೆಸರು ಹುಡುಕಲು ಎರಡು ವರ್ಷ ಹಿಡಿಯಿತು. ಹುಡುಕಬೇಕಾದರೆ ಏನನ್ನಾದರೂ ಟೈಪ್ ಮಾಡಬೇಕಲ್ಲ. ಏನು ಟೈಪ್ ಮಾಡಬೇಕೆಂಬುದೇ ಗೊತ್ತಿರಲಿಲ್ಲ.

ಅವರು ಖಾಸಗಿ ಬಸ್ಸಿನ ಡ್ರೈವರ್. ಹೊಸದುರ್ಗದಿಂದ ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಹೋಗಿ ಬರುವುದು, ಒಮ್ಮೆ ಹೊಳಲ್ಕೆರೆ ಮೇಲೆ, ಒಮ್ಮೆ ಹೊರಕೆರೆದೇವಪುರದ ಮೇಲೆ. ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಒಂದು ಕೋಳಿಯನ್ನೂ ತುಳಿಸಿದವರಲ್ಲ. ಎದುರಿಗೆ ಕುರಿಮಂದೆ ಬಂದರೆ ಎಂಜಿನ್ ಆಫ್ ಮಾಡಿ ಕೂರುತ್ತಿದ್ದರು. ಕೊನೆಯ ಕುರಿ ದಾಟುವವರೆಗೆ ಹಾರ್ನ್ ಕೂಡ ಒತ್ತುತ್ತಿರಲಿಲ್ಲ. ಪ್ಯಾಸೆಂಜರ್‌ಗಳು ಬೈಯುತ್ತಿದ್ದರು, ಕುರಿ ಕಾಯುವವರು ಕೈ ಎತ್ತಿ ಮುಗಿಯುತ್ತಿದ್ದರು. ನನಗೆ ಇದೆಲ್ಲ ಹೆಮ್ಮೆಯ ವಿಷಯವಾಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಕಿತ್ತು ತಂದು ರಸ್ತೆಯ ಮೇಲೆ ಮೊಣಕಾಲುದ್ದ ಹರಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾದು ಕಾಳು ಉದುರಿಸಿಕೊಡುತ್ತವೆ. ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗದ ಹಾಗೆ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಪೊಲೀಸರು ಬೇಡವೆನ್ನುತ್ತಾರೆ, ಡ್ರೈವರ್‌ಗಳು ಗೊಣಗುತ್ತಾರೆ, ಮುಂದಿನ ವರ್ಷ ಮತ್ತೆ ಅದೇ. ನಾನು ಹುಟ್ಟಿದ ತುರುವನೂರಿನ ಕಡೆಯೂ ಹೀಗೇ. ಚಿಕ್ಕವಳಿದ್ದಾಗ ಬಸ್ಸು ಹೋದ ಮೇಲೆ ಓಡಿ ಹೋಗಿ ಹುಲ್ಲು ಮಗುಚಿದ ನೆನಪು ನನಗೂ ಇದೆ.

ಮೂರು ವರ್ಷದ ಹಿಂದೆ, ಇಂಥದೇ ಒಂದು ದಿನ, ಹೊರಕೆರೆದೇವಪುರ ದಾಟಿ ಹಾಸಿದ್ದ ಹುರುಳಿಯ ಮೇಲೆ ಬಸ್ಸು ಹತ್ತಿಸಿದಾಗ ಹಿಂದಿನ ಚಕ್ರದ ಕೆಳಗೆ ಏನೋ ಏರಿ ಇಳಿದಂತಾಯಿತಂತೆ. ಕಲ್ಲೋ, ಗಿಡದ ಕಂತೆಯೋ ಇದ್ದಿರಬೇಕು. ಸಂಜೆ ಮನೆಗೆ ಬಂದವರು ಕಾಫಿ ಮುಟ್ಟಲಿಲ್ಲ.

"ಏ, ಒಂದ್ ಮಾತು ಕೇಳ್ತೀನಿ, ನಗಬ್ಯಾಡ. ಆ ಹುರುಳಿಯೊಳಗೆ ಯಾರಾದ್ರೂ ಮಲಗಿದ್ರೆ?"

"ಬಸ್ಸು ಓಡಾಡೋ ರೋಡ್ನಾಗೆ ಯಾರ್ರೀ ಮಲಗ್ತಾರೆ?"

"ದೊಡ್ಡೋರಲ್ಲ. ಸಣ್ಣ ಮಗು. ಅವರಮ್ಮ ಪಕ್ಕದಾಗೆ ಮಲಗಿಸಿರ್ತಾಳೆ, ಅದು ಉರುಳ್ಕಂಡು ಹುಲ್ಲಿನೊಳಗೆ ಬಂದಿದ್ರೆ?"

ನಾನು ನಕ್ಕೆ. ಬೇಡವೆಂದಿದ್ದರು, ಆದರೂ ನಕ್ಕೆ. ಅವರು ನಗಲಿಲ್ಲ. ಮಾರನೆಯ ದಿನ ಡ್ಯೂಟಿಗೆ ಹೊರಡುವ ಮುಂಚೆ ಶೂ ಹಾಕಿಕೊಳ್ಳುತ್ತ, ನೆಲ ನೋಡಿಕೊಂಡು, "ಅಂಗಡಿ ತೆಗೆಯೋಕೆ ಮುಂಚೆ ಒಂದ್ಸಲ ಹೋಗಿ ನೋಡ್ಕಂಡು ಬರ್ತೀಯಾ?" ಎಂದರು. ಅಂಥ ಧ್ವನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಸ್ಕೂಟರ್ ತೆಗೆದುಕೊಂಡು ಹೋದೆ. ಅಲ್ಲಿ ಒಬ್ಬ ಮುದುಕಿ ಕವೆಗೋಲಿನಲ್ಲಿ ಹುರುಳಿ ಮಗುಚುತ್ತಿದ್ದಳು. ನಿನ್ನೆ ಇಲ್ಲಿ ಯಾವುದಾದರೂ ಮಗುವಿಗೆ ಏನಾದರೂ ಆಯಿತೇ ಎಂದು ಕೇಳಿದೆ.

"ಮಗೀಗಾ? ಯಾರ ಮಗೀಗೇ? ಬೆಳಬೆಳಿಗ್ಗೆ ಎಂಥಾ ಮಾತಾಡ್ತೀಯಮ್ಮ ನೀನು!" ಎಂದು ಕವೆಗೋಲು ನೆಲಕ್ಕೆ ಕುಕ್ಕಿದಳು.

ಬೈಸಿಕೊಂಡು ಬಂದೆ. ಫೋನ್ ಮಾಡಿ, "ನೋಡ್ಕಂಡು ಬಂದೆ ಕಣ್ರಿ, ಯಾರಿಗೂ ಏನೂ ಆಗಿಲ್ಲ" ಎಂದೆ. ಆ ಕಡೆಯಿಂದ ಬಂದ ಉಸಿರು ಇನ್ನೂ ನನ್ನ ಕಿವಿಯಲ್ಲಿದೆ. ಇಷ್ಟಕ್ಕೇ ಸರಿಹೋಯಿತಲ್ಲ ಎಂದುಕೊಂಡೆ.

ಸರಿಹೋಗಿದ್ದು ಮಧ್ಯಾಹ್ನದವರೆಗೆ. ಮುದುಕಿಗೆ ಸರಿಯಾಗಿ ಗೊತ್ತಿರದಿದ್ದರೆ? ಅವಳು ಬರುವ ಮುಂಚೆಯೇ ಎತ್ತಿಕೊಂಡು ಹೋಗಿದ್ದರೆ? ಸುಗ್ಗಿ ಮುಗಿಯಿತು, ರಸ್ತೆ ಖಾಲಿಯಾಯಿತು, ಇವರ ತಲೆ ಖಾಲಿಯಾಗಲಿಲ್ಲ. ಗುಂಡಿಗೆ ಇಳಿದರೂ ಅನುಮಾನ, ಹಂಪ್ ಹತ್ತಿದರೂ ಅನುಮಾನ. ಪಕ್ಕದಲ್ಲಿ ಸೈಕಲ್ಲಿನವನು ಕನ್ನಡಿಯಿಂದ ಮರೆಯಾದರೆ ಅವನು ಬಿದ್ದನೆಂದೇ ಲೆಕ್ಕ. ಕಂಡಕ್ಟರ್ ಪಾಪದವನು, ಮೊದಮೊದಲು ಇಳಿದು ನೋಡಿ, "ಏನಿಲ್ಲ ಅಣ್ಣ, ಹೋಗಾಣ ನಡಿ" ಎನ್ನುತ್ತಿದ್ದ. ಆಮೇಲೆ ಇಳಿಯುವುದನ್ನು ಬಿಟ್ಟ. ಆ ಕೆಲಸವೂ ನನ್ನ ಪಾಲಿಗೇ ಬಂತು. ಬೆಳಿಗ್ಗೆ ಅಡುಗೆ ಮುಗಿಸಿ, ಹಿಂದಿನ ದಿನ ಅವರು ಹೇಳಿದ ಜಾಗಗಳನ್ನು ಸುತ್ತಿ ಬಂದು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ.

ಬರೀ ಮಾತು ಸಾಲದಾದಾಗ ಆಣೆ ಶುರುವಾಯಿತು. ಮೊದಲು ಹೊರಕೆರೆದೇವಪುರದ ಸ್ವಾಮಿ ಆಣೆ ಸಾಕಾಗುತ್ತಿತ್ತು. ಒಂದು ತಿಂಗಳಿಗೆ ಅದು ಸವೆದುಹೋಯಿತು. "ಮಗಳ ತಲೆ ಮ್ಯಾಲೆ ಕೈ ಇಟ್ಟು ಹೇಳು" ಎಂದರು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಇಟ್ಟ ಮೇಲೆ ಸುಳ್ಳು ಹೇಳುವವರೂ ಇಲ್ಲ. ಮಗಳು ಆಗ ಎರಡನೇ ಕ್ಲಾಸು. ಅವಳನ್ನು ಕರೆದು, ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲೆ ಬಲಗೈ ಇಟ್ಟು, "ಯಾರಿಗೂ ಏನೂ ಆಗಿಲ್ಲ, ಆಣೆ" ಎಂದೆ. ಪದ ಆಚೀಚೆ ಆಗಬಾರದು. 'ಏನೂ' ಎಂಬುದನ್ನು ನುಂಗಿದರೆ ಮತ್ತೆ ಮೊದಲಿನಿಂದ ಹೇಳಬೇಕು. ಆ ವರ್ಷ ಮುಗಿಯುವ ಹೊತ್ತಿಗೆ ಮಗಳನ್ನು ಕರೆಯುವ ಅಗತ್ಯವೇ ಇರಲಿಲ್ಲ. ಅಪ್ಪನ ಚಪ್ಪಲಿಯ ಸದ್ದು ಕೇಳಿದೊಡನೆ ಹೋಂವರ್ಕ್ ಪುಸ್ತಕ ಎತ್ತಿಕೊಂಡು ಬಂದು ನನ್ನ ಕೈಯ ಕೆಳಗೆ ತಲೆಬಗ್ಗಿಸಿ ಕೂರುತ್ತಿದ್ದಳು. ನಾನು ಆಣೆ ಮಾಡುತ್ತಿದ್ದರೆ ಅವಳು ಮಗ್ಗಿ ಬರೆಯುತ್ತಿದ್ದಳು.

ಒಂದು ದಿನ ಸುಳ್ಳು ಆಣೆ ಮಾಡಿದೆ. ರೇಷನ್ ಕಾರ್ಡ್ ತಿದ್ದುಪಡಿಗೆ ಸರ್ವರ್ ತೆರೆದಿದ್ದ ದಿನ ಅದು. ಬೆಳಿಗ್ಗೆ ಏಳಕ್ಕೇ ಅಂಗಡಿಯ ಮುಂದೆ ಜನ ನಿಂತಿದ್ದರು. ಹೊಳಲ್ಕೆರೆ ರೈಲ್ವೆ ಗೇಟಿನ ಹತ್ತಿರ ನೋಡಿ ಬರಬೇಕಿತ್ತು, ಹೋಗಲಿಲ್ಲ. ಮಧ್ಯಾಹ್ನ ಅವರು ಊಟಕ್ಕೆ ಬಂದಾಗ, ಶಾಲೆಗೆ ರಜೆ ಇದ್ದ ಮಗಳ ತಲೆ ಮೇಲೆ ಕೈ ಇಟ್ಟು ಹೋಗಿ ಬಂದೆನೆಂದೆ. ಅವರು ನಂಬಿ ಉಂಡು ಹೋದರು. ನನಗೇ ನಂಬಿಕೆ ಉಳಿಯಲಿಲ್ಲ. ಅಜ್ಜನೊಬ್ಬನ ಹೆಬ್ಬೆಟ್ಟು ಮಶೀನಿನ ಮೇಲೆ ಒತ್ತಿ ಹಿಡಿದಿದ್ದೇನೆ, ತಲೆಯಲ್ಲಿ ಮಾತ್ರ, ಇವತ್ತು ನಿಜವಾಗಲೂ ಏನಾದರೂ ಆಗಿದ್ದರೆ, ಮಗಳ ಮೇಲೆ ಆಣೆ ಬೇರೆ ಮಾಡಿಬಿಟ್ಟೆನಲ್ಲ ಎಂದು ಅದೇ ಸುತ್ತುತ್ತಿತ್ತು. ನಾಲ್ಕು ಗಂಟೆಗೆ 'ಸರ್ವರ್ ಡೌನ್' ಎಂದು ಬೋರ್ಡ್ ಹಾಕಿ, ಸಾಲಿನಲ್ಲಿದ್ದವರ ಶಾಪ ಕಟ್ಟಿಕೊಂಡು, ಹೊಳಲ್ಕೆರೆ ಗೇಟಿಗೆ ಹೋಗಿ ನೋಡಿ ಬಂದೆ. ಅಲ್ಲಿ ಒಂದು ಎಮ್ಮೆ ನಿಂತಿತ್ತು.

ಮನೆಯವರಿಗೆಲ್ಲ ವಿಷಯ ಗೊತ್ತಾಗಿ, ಒಬ್ಬೊಬ್ಬರು ಒಂದೊಂದು ಹೇಳಿದರು. ದೃಷ್ಟಿ ಎಂದರು, ಗಾಳಿ ಎಂದರು. ಅತ್ತೆ ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದರು. ಅದನ್ನು ಹತ್ತಿಸುವಾಗ ಆದ ಪುಟ್ಟ ಸದ್ದಿಗೇ ಇವರು ಬ್ರೇಕ್ ಹಾಕಿ ಇಳಿದು ಚಕ್ರದ ಕೆಳಗೆ ಬಗ್ಗಿ ನೋಡಿದರು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಗೊತ್ತಿದ್ದುದನ್ನು ಅವರು ಮಾಡಿದರು, ನನಗೆ ಗೊತ್ತಿದ್ದುದು ನೆಟ್. ನಾನೂ ಅದನ್ನೇ ಮಾಡಿದೆ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಹುಡುಕುತ್ತಿದ್ದೆ. 'ಗಂಡನಿಗೆ ಸುಮ್ಮನೆ ಭಯ' ಎಂದು ಹಾಕಿದರೆ ವಶೀಕರಣದವರು ಬಂದರು. ಹಣೆ ತುಂಬ ಕುಂಕುಮ ಬಳಿದುಕೊಂಡವನೊಬ್ಬ ಇಪ್ಪತ್ನಾಲ್ಕು ಗಂಟೆಯಲ್ಲಿ ಪರಿಹಾರ ಎಂದು ಕ್ಯಾಮೆರಾಕ್ಕೆ ಬೆರಳು ತೋರಿಸುತ್ತಿದ್ದ. ಆ ಬೆರಳು ಕಚ್ಚಬೇಕೆನಿಸಿತು. 'ಮನಸ್ಸಿನ ಗೊಂದಲ ಹೋಗಲು' ಎಂದರೆ ಬೆಳಿಗ್ಗೆ ಬಿಸಿನೀರಿಗೆ ಏನೇನು ಹಾಕಿ ಕುಡಿಯಬೇಕೆಂಬ ಪಟ್ಟಿ. 'ಆಕ್ಸಿಡೆಂಟ್ ಆಗಿದೆ ಅನ್ನೋ ಅನುಮಾನ' ಎಂದರೆ ಆಕ್ಸಿಡೆಂಟುಗಳೇ ಸಾಲುಸಾಲಾಗಿ ಬಂದವು. ಮಗುಚಿದ ಲಾರಿ, ಅಳುವ ಹೆಂಗಸರು, ಬಿಳಿ ಬಟ್ಟೆ. ಇವರು ಯಾರಿಗೂ ಹೊಡೆದಿಲ್ಲವೆಂದು ತೋರಿಸಲು ನಾನು ದಿನವೂ ಜಿಲ್ಲೆಯ ಅಪಘಾತದ ಸುದ್ದಿಗಳನ್ನೂ ಹುಡುಕಿ ಓದುತ್ತಿದ್ದೆ. ನೋಡಿ, ನಿಮ್ಮ ರೂಟಿನಲ್ಲಿ ಒಂದೂ ಇಲ್ಲ ಎನ್ನುವುದಕ್ಕೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಹೊಸ ಫೋನ್ ಕೊಂಡವರಿಗೆಲ್ಲ ಈಮೇಲ್ ಖಾತೆ ತೆರೆದುಕೊಡುವುದು ನನ್ನ ಕಸುಬು. ಹಳ್ಳಿಯವರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲವೆಂದು ಒಂದೇ ಮನೆಯವರ ಫೋನುಗಳಿಗೆ ಒಂದೇ ಖಾತೆ ಹಾಕಿ ಕಳಿಸುವುದು ನನ್ನ ಅಭ್ಯಾಸ. ಇವರ ಫೋನಿಗೂ ನನ್ನದೇ ಖಾತೆ ಹಾಕಿದ್ದೆ. ನಾನು ನನ್ನ ಫೋನಿನಲ್ಲಿ ಏನು ನೋಡುತ್ತಿದ್ದೆನೋ ಅದೇ ಜಾತಿಯ ವಿಡಿಯೋಗಳು ಅವರ ಫೋನಿನಲ್ಲೂ ಮೊದಲು ಬಂದು ಕೂರುತ್ತಿದ್ದವು. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಟ್ರಿಪ್ಪಿಗೆ ಕಾಯುತ್ತ ಫೋನ್ ತೆಗೆದರೆ ಅವರಿಗೆ ಕಾಣುತ್ತಿದ್ದುದು ಬರೀ ಅಪಘಾತ. ಅದು ತನಗೇ ದೇವರು ತೋರಿಸುತ್ತಿರುವುದು ಎಂದುಕೊಂಡಿದ್ದರಂತೆ. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಇದು ಹೊಳೆಯಲೇ ಇಲ್ಲ.

ಒಂದು ಗುರುವಾರ, ರಜೆ ಹಾಕಿದ್ದೇನೆಂದು ಹೇಳಿ ಬೆಳಿಗ್ಗೆಯೇ ಹೊರಟವರು ಮಧ್ಯಾಹ್ನವಾದರೂ ಬರಲಿಲ್ಲ. ಎರಡು ಗಂಟೆಗೆ ಹಿರಿಯೂರಿನ ಕಡೆಯ ಒಂದು ಪೊಲೀಸ್ ಠಾಣೆಯಿಂದ ಫೋನ್ ಬಂತು. ಭಾವನನ್ನು ಕರೆದುಕೊಂಡು ಓಡಿದೆ. ಇವರು ಬೆಂಚಿನ ಮೇಲೆ ಕೈಕಟ್ಟಿಕೊಂಡು ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಹೆದ್ದಾರಿಯಲ್ಲಿ ಅಪರಿಚಿತ ವಾಹನ ಡಿಕ್ಕಿಯಾಗಿ ಒಬ್ಬ ಪಾದಚಾರಿ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ನೋಡಿ, ಆ ವಾಹನ ನನ್ನದೇ ಎಂದು ಒಪ್ಪಿಕೊಳ್ಳಲು ಬಂದಿದ್ದರು. ಅಪಘಾತ ಆದದ್ದು ಮಂಗಳವಾರ. ಇವರು ಮದುವೆ ಟ್ರಿಪ್ಪಿಗೆಂದು ಆ ರಸ್ತೆಯಲ್ಲಿ ಬಸ್ಸು ಓಡಿಸಿದ್ದು ಅದಕ್ಕೂ ಹಿಂದಿನ ಭಾನುವಾರ. ಪೇಪರಿನವರು ದಿನ ತಪ್ಪು ಹಾಕಿರಬಹುದಲ್ಲ ಎನ್ನುವುದು ಇವರ ವಾದ.

ಅಲ್ಲಿದ್ದ ಪೊಲೀಸಿನವರು ಒಳ್ಳೆಯವರು, ವಯಸ್ಸಾದವರು. ಬಸ್ಸಿನ ಮಾಲೀಕರಿಗೆ ಫೋನ್ ಮಾಡಿ ಟ್ರಿಪ್ ಶೀಟ್ ಓದಿಸಿ ಕೇಳಿದ್ದರು. ಮಂಗಳವಾರ ಇವರು ಹೊಳಲ್ಕೆರೆ ರೂಟಿನಲ್ಲಿದ್ದರೆಂದು ಖಾತ್ರಿಯಾಗಿತ್ತು. ನನ್ನನ್ನು ಆಚೆಗೆ ಕರೆದು ಹೇಳಿದರು.

"ನಮ್ಮತ್ರ ಮಾಡಿದೋರೇ ಒಪ್ಕಳಲ್ಲ ಕಣಮ್ಮ. ಇವ್ರು ಮಾಡ್ದೆ ಇರೋದನ್ನ ಒಪ್ಕತೀನಿ ಅಂತ ಕುಂತವ್ರೆ. ಯಾರಿಗಾದ್ರೂ ತೋರ್ಸಿ. ಬೈಬ್ಯಾಡ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಂದೇ ಮಾತು ಕೇಳಿದರು. "ಅವ್ರು ಸರಿಯಾಗಿ ನೋಡಿದ್ರಾ?" ನಾನು ಅಲ್ಲೇ, ಜನರ ನಡುವೆ, ಜೋರಾಗಿ ಅತ್ತುಬಿಟ್ಟೆ.

ಮಾಲೀಕರು ಎರಡು ದಿನ ಬಿಟ್ಟು ಅಂಗಡಿಗೆ ಬಂದರು. ನಿಂತೇ ಮಾತಾಡಿದರು. "ತಪ್ಪು ತಿಳ್ಕಬ್ಯಾಡಮ್ಮ. ಅವನಂಥ ಡ್ರೈವರ್ ನನಗೆ ಸಿಗಲ್ಲ. ಆದ್ರೆ ಗಾಡೀನಾಗೆ ಐವತ್ತು ಜನ ಇರ್ತಾರೆ." ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಬಸ್ಸಿಗೆ ಬೇರೆಯವರು ಬಂದರು. ಇವರು ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಮಂಡಿಗೆ ಹೋಗತೊಡಗಿದರು. ಬೆಳಿಗ್ಗೆ ಬಸ್ಸು ಹಾರ್ನ್ ಮಾಡುತ್ತ ಮನೆಯ ಮುಂದೆ ಹೋದರೆ ತಲೆ ಎತ್ತುತ್ತಿರಲಿಲ್ಲ. ಮಂಡಿಗೆ ಸೈಕಲ್ಲಿನಲ್ಲಿ ಹೋಗಿ ಬಂದರೂ ದಾರಿಯಲ್ಲಿ ಯಾರಿಗೋ ತಾಗಿತೆಂಬ ಅನುಮಾನ ಬಿಡಲಿಲ್ಲ, ನಾನು ನೋಡಿ ಬರುವುದೂ ನಿಲ್ಲಲಿಲ್ಲ.

ಅದಾದ ವಾರ, ಮಧ್ಯಾಹ್ನ ಶಟರ್ ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತೆ. ಅಷ್ಟು ದಿನ ನಾನು ಟೈಪ್ ಮಾಡಿದ್ದು ನನಗೆ ಅನಿಸಿದ್ದನ್ನು, ಭಯ ಎಂದೋ ಭ್ರಮೆ ಎಂದೋ. ಅರ್ಜಿ ತುಂಬುವಾಗ ನಾವು ಹಾಗೆ ಮಾಡುವುದಿಲ್ಲ. ಎದುರಿಗಿರುವವರು ಹೇಳಿದ್ದನ್ನು ಹೇಳಿದಂತೆಯೇ ಹಾಕುತ್ತೇವೆ. ಅಂದು ಹಾಗೆ ಮಾಡಿದೆ. ನನ್ನ ಹರುಕು ಇಂಗ್ಲಿಷಿನಲ್ಲಿ, ಗಾಡಿ ಓಡಿಸುವಾಗ ಯಾರಿಗೋ ಹೊಡೆದೆ ಅನಿಸುತ್ತದೆ, ತಿರುಗಿ ಹೋಗಿ ನೋಡುತ್ತಾರೆ, ಹೆಂಡತಿಯನ್ನು ಕೇಳುತ್ತಲೇ ಇರುತ್ತಾರೆ ಎಂದು ಬರೆದು ಎಂಟರ್ ಒತ್ತಿದೆ.

ಮೊದಲನೇ ಸಾಲಿನಲ್ಲೇ ಇತ್ತು. ಓಸಿಡಿ.

ಆ ಮೂರು ಅಕ್ಷರ ನನಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜು ಹುಡುಗಿಯರು ಅಂಗಡಿಯಲ್ಲಿ ಫೈಲಿನ ಹಾಳೆ ನೇರ ಮಾಡಿಕೊಳ್ಳುತ್ತ, ನಂಗೆ ಸ್ವಲ್ಪ ಓಸಿಡಿ ಕಣೇ ಎಂದು ನಗುವುದನ್ನು ಕೇಳಿದ್ದೆ. ಕೈ ತೊಳೆಯುವವರಿಗೆ ಬರುವುದು ಎಂದುಕೊಂಡಿದ್ದೆ. ಇವರು ಎಣ್ಣೆ ಮಸಿ ಕೈಯಲ್ಲೇ ಊಟಕ್ಕೆ ಕೂರುವವರು. ಪುಟ ತೆರೆದು ಓದಿದರೆ ಅದರಲ್ಲಿ ಬಸ್ಸೊಂದಿರಲಿಲ್ಲ, ಹುರುಳಿ ಇರಲಿಲ್ಲ, ಉಳಿದಂತೆ ಪೂರಾ ನಮ್ಮ ಮನೆಯೇ. ಯಾವುದೋ ದೇಶದ ಯಾವನೋ ಕಾರಿನವನು ದಿನಾ ಹಿಂದಿರುಗಿ ಹೋಗಿ ರಸ್ತೆ ನೋಡುತ್ತಿದ್ದನಂತೆ. ಇದು ಹೊಣೆಗೇಡಿಗಳಿಗೆ ಬರುವ ಕಾಯಿಲೆಯಲ್ಲ, ಯಾರಿಗೂ ನೋವಾಗಬಾರದೆಂದು ಬದುಕುವವರನ್ನೇ ಅದು ಆ ಕಾಳಜಿಯಲ್ಲೇ ಹಿಡಿಯುತ್ತದೆ ಎಂದಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನಿರಾಳವೆನಿಸಿತು.

ಕೆಳಗೆ ಮನೆಯವರಿಗೆ ಎಂದು ಬೇರೆ ಪುಟ ಇತ್ತು. ಅದನ್ನೂ ತೆರೆದೆ. ಅವರ ಪರವಾಗಿ ಹೋಗಿ ನೋಡಿ ಬರುವುದು, ಏನೂ ಆಗಿಲ್ಲವೆಂದು ಮತ್ತೆಮತ್ತೆ ಧೈರ್ಯ ಹೇಳುವುದು, ಪ್ರಮಾಣ ಮಾಡುವುದು, ಇವೆಲ್ಲ ಆ ಕ್ಷಣಕ್ಕೆ ಸಮಾಧಾನ ಕೊಟ್ಟು ಕಾಯಿಲೆಯನ್ನು ಬೆಳೆಸುತ್ತವೆ ಎಂದಿತ್ತು. ಮೂರು ಸಲ ಓದಿದೆ. ಎರಡು ವರ್ಷ ನಾನು ಸ್ಕೂಟರಿಗೆ ಹಾಕಿಸಿದ ಪೆಟ್ರೋಲು, ಬೈಸಿಕೊಂಡ ಬೈಗುಳ, ಮಗಳ ತಲೆ, ಎಲ್ಲವನ್ನೂ ಆ ಕಾಯಿಲೆಗೆ ಉಣ್ಣಿಸಿದ್ದೆ. ಮಾನಿಟರಿಗೆ ಏನಾದರೂ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಪ್ರಿಂಟ್ ತೆಗೆದೆ.

ಸಂಜೆ ಮಂಡಿಯಿಂದ ಬಂದವರನ್ನು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿ ಮೊದಲಿನ ಪುಟವನ್ನು ಕನ್ನಡದಲ್ಲಿ ಓದಿ ಹೇಳಿದೆ. ತಲೆ ಬಗ್ಗಿಸಿ ಪೂರ್ತಿ ಕೇಳಿದರು.

"ಇದು ನನ್ನನ್ನೇ ನೋಡಿ ಬರ್ದಂಗೈತೆ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರೇ ಮತ್ತೆ, "ಆದ್ರೆ ಇದು ಕಾಯಿಲೆ ಇರೋರಿಗೆ ಅಲ್ವಾ? ನಾನು ನಿಜವಾಗ್ಲೂ ಯಾರಿಗಾದ್ರೂ ಹೊಡ್ದಿದ್ರೆ?" ಎಂದರು.

ದುರ್ಗದ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಡಾಕ್ಟರು ಇದನ್ನು ಗೀಳು ಕಾಯಿಲೆ ಎಂದರು, ಮಾತ್ರೆ ಬರೆದರು. ಕೆಲಸ ಮಾಡಲು ವಾರಗಟ್ಟಲೆ ಬೇಕು, ನಡುವೆ ಬಿಡಬೇಡಿ ಎಂದರು. ಮಾತ್ರೆಯ ಜೊತೆಗೆ ಒಂದು ತರಬೇತಿಯೂ ಬೇಕಂತೆ. ಭಯ ಹುಟ್ಟಿಸುವುದರ ಎದುರಿಗೇ ನಿಲ್ಲಿಸಿ, ತಿರುಗಿ ನೋಡದೆ, ಕೇಳದೆ ಇರುವುದನ್ನು ಕಲಿಸುವುದು. ಅದನ್ನು ಹೇಳಿಕೊಡುವವರು ನಮಗೆ ಹತ್ತಿರದಲ್ಲಿ ಸಿಗಲಿಲ್ಲ. ದೂರದ ಊರಿನ ಕನ್ನಡ ಮಾತಾಡುವ ಒಬ್ಬ ಥೆರಪಿಸ್ಟ್ ಮೇಡಂ ಆನ್‌ಲೈನಿನಲ್ಲಿ ಸಿಕ್ಕರು. ವಾರಕ್ಕೊಮ್ಮೆ ನಮ್ಮ ಅಂಗಡಿಯ ಶಟರ್ ಇಳಿಸಿ, ಜೆರಾಕ್ಸ್ ಮಶೀನ್ ಆರಿಸಿ, ಕಂಪ್ಯೂಟರಿನ ಮುಂದೆ ಇಬ್ಬರೂ ಕೂರುತ್ತಿದ್ದೆವು. ಹೊರಗೆ ಜನ ಶಟರ್ ತಟ್ಟಿ, "ಯಕ್ಕಾ, ಒಂದೇ ಒಂದು ಪಹಣಿ" ಎಂದು ಕೂಗುತ್ತಿದ್ದರು.

ಇಂಥ ಕಾಯಿಲೆಯವರ ಮನೆಯವರದೇ ಒಂದು ಗುಂಪನ್ನೂ ಫೋನಿನಲ್ಲಿ ಹುಡುಕಿಕೊಂಡೆ. ಎಲ್ಲ ತಾಯಂದಿರು, ಹೆಂಡತಿಯರು, ಒಬ್ಬ ತಂದೆ. ಯಾರ ಮುಖವನ್ನೂ ನೋಡಿಲ್ಲ. ಒಬ್ಬ ತಾಯಿಯ ಮಗ ಗ್ಯಾಸ್ ಆಫ್ ಆಗಿದೆಯೇ ಎಂದು ಕೇಳಿ ಕೇಳಿ ಕಾಲೇಜೇ ಬಿಟ್ಟಿದ್ದ. ಮೊದಲ ದಿನ ಆಕೆಗೆ ನಾನು, ಉತ್ತರ ಕೊಡದಿದ್ದರೆ ಇವರು ಪ್ರಾಣಕ್ಕೇನಾದರೂ ಮಾಡಿಕೊಂಡರೆ ಎಂದು ಬರೆದೆ. ಸಾಯುವ ಮಾತು ಬಂದರೆ ಒಂದು ಗಳಿಗೆಯೂ ಕಾಯದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಇಲ್ಲದಿದ್ದರೆ ಉತ್ತರ ಕೊಡದೆ ಪಕ್ಕದಲ್ಲಿ ಕೂತುಕೊಳ್ಳಿ ಎಂದು ಆಕೆ ಬರೆದರು. ಮಾರನೆಯ ದಿನವೂ ಅದನ್ನೇ ಕೇಳಿದೆ. ಮೂರನೆಯ ದಿನವೂ. ನಾಲ್ಕನೆಯ ದಿನ ಆಕೆ, 'ಇದನ್ನು ಮೂರು ಸಲ ಕೇಳಿದ್ದೀರಿ ತಾಯಿ, ಇವತ್ತು ಉತ್ತರ ಹೇಳುವುದಿಲ್ಲ, ಇಲ್ಲೇ ಇದ್ದೇನೆ' ಎಂದು ಕಳಿಸಿದರು. ಕೆನ್ನೆಗೆ ಹೊಡೆದಂತಾಯಿತು. ಉತ್ತರ ಸಿಗದಿದ್ದರೆ ಇವರಿಗೂ ಹೀಗೇ ಆಗುತ್ತದೆ ಎಂದು ಆಮೇಲೆ ತಿಳಿಯಿತು.

ಮೇಡಂ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಮಾಡಿಸಿದರು. ಒಮ್ಮೆಗೇ ಎಲ್ಲ ಬಿಡುವುದಲ್ಲ. ಮೊದಲು ಹೋಗಿ ನೋಡುವುದು ನಿಂತಿತು, ಅದಕ್ಕೆ ಮೂರು ತಿಂಗಳು ಬೇಕಾಯಿತು. ಆಮೇಲೆ ಬಾಯಿಮಾತು. ಕೊನೆಗೆ ಆಣೆ. ಅವರು ಕೇಳಿದರೆ ನಾನು ಹೇಳಬೇಕಾದ ಮಾತನ್ನು ಅವರಿಂದಲೇ ಬರೆಸಿ ಗೋಡೆಗೆ ಅಂಟಿಸಿದೆವು: 'ಅದಕ್ಕೆ ಉತ್ತರ ಹೇಳಲ್ಲ, ನಿಮ್ಮ ಜೊತೆ ಇಲ್ಲೇ ಕುಂತಿರ್ತೀನಿ.' ಮಾತ್ರೆಗೆ ಬಾಯಿ ಒಣಗುತ್ತದೆ ಎನ್ನುತ್ತಿದ್ದರು, ಆದರೂ ಬಿಡಲಿಲ್ಲ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೇಳುತ್ತಿದ್ದವರು ನಾಲ್ಕೈದಕ್ಕೆ ಇಳಿದರು. ಈ ವರ್ಷ ದೀಪಾವಳಿಯ ಹೊತ್ತಿಗೆ ಮತ್ತೆ ಬಸ್ಸಿನ ಮಾತೆತ್ತಿದರು. ಮಾಲೀಕರು, ಡಾಕ್ಟರು ಬರೆದುಕೊಟ್ಟರೆ ನೋಡೋಣ ಎಂದಿದ್ದರು. ನಾನು ಒಳಗೊಳಗೇ ಆಸೆ ಕಟ್ಟಿಕೊಂಡೆ.

ಸುಗ್ಗಿ ಬಂತು. ಮೇಡಂ ಕೊಟ್ಟ ದೊಡ್ಡ ಪರೀಕ್ಷೆ ಅದೇ. ನನ್ನನ್ನು ಹಿಂದೆ ಕೂರಿಸಿಕೊಂಡು, ದೇವಪುರದ ರಸ್ತೆಯಲ್ಲಿ ಹಾಸಿದ ಹುರುಳಿಯ ಮೇಲೆ ಸ್ಕೂಟರ್ ಓಡಿಸಬೇಕು. ಕನ್ನಡಿ ನೋಡಬಾರದು, ತಿರುಗಬಾರದು, ಮನೆಗೆ ಬಂದು ಕೇಳಬಾರದು. ಕಳೆದ ಭಾನುವಾರ ಮಧ್ಯಾಹ್ನ ಹೋದೆವು. ಹುರುಳಿ ಚಕ್ರದ ಕೆಳಗೆ ಪಟಪಟ ಎನ್ನುತ್ತಿತ್ತು. ಒಂದು ಕಡೆ ಏನೋ ಎತ್ತಿ ಹಾಕಿತು. ಅವರ ಬೆನ್ನು ಕಲ್ಲಾಯಿತು. ನಿಲ್ಲಿಸಲಿಲ್ಲ. ಕನ್ನಡಿ ನೋಡದೆ ಮನೆಯವರೆಗೆ ಓಡಿಸಿದರು. ನಾನು ಅವರ ಭುಜ ತಟ್ಟಿ ಇಳಿದು, ಸಂತೋಷಕ್ಕೆ ಪಾಯಸಕ್ಕಿಟ್ಟೆ.

ಸಂಜೆ ಆರರ ಹೊತ್ತಿಗೆ ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದೊಂದ್ಸಲ ಹೇಳ್ಬಿಡು" ಎಂದರು.

"ಅದಕ್ಕೆ ಉತ್ತರ ಹೇಳಲ್ಲ. ನಿಮ್ಮ ಜೊತೆ ಇಲ್ಲೇ ಕುಂತಿರ್ತೀನಿ." ಒಲೆ ಆರಿಸಿ ಬಂದು ನಡುಮನೆಯಲ್ಲಿ ಅವರ ಪಕ್ಕ ಕೂತೆ.

ಮತ್ತೆ ಕೇಳಿದರು. ಮತ್ತೆ ಅದೇ ಹೇಳಿದೆ. ಅವರ ತುಟಿ ಬಿಳಿಚಿತ್ತು. ಊಟ ಬೇಡವೆಂದರು. "ನೀನೂ ಹಿಂದೆ ಕುಂತಿದ್ದೆ. ನಿಂಗೆ ಗೊತ್ತೈತೆ. ಗೊತ್ತಿದ್ದೂ ಹೇಳಲ್ಲ ಅಂದ್ರೆ ನೀನು ಮನುಷ್ಯಳೇನೇ?" ಎಂದರು. ಹದಿನಾಲ್ಕು ವರ್ಷದಲ್ಲಿ ನನ್ನನ್ನು ಹಾಗೆ ಅಂದವರಲ್ಲ. ನನ್ನ ನಾಲಿಗೆಯ ತುದಿಗೆ ಆ ಮೂರು ಪದ ಬಂದು ನಿಂತಿದ್ದವು. ಹೇಳಿದ್ದರೆ ಮುಗಿಯುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಮೇಡಂ ಹೇಳಿದ್ದರು, ಅದು ಏರುತ್ತದೆ, ಏರಿ ತಾನೇ ಇಳಿಯುತ್ತದೆ, ನೀವು ಇಳಿಸಲು ಹೋಗಬೇಡಿ ಎಂದು. ಗಡಿಯಾರ ನೋಡುತ್ತಿದ್ದೆ. ಮುಕ್ಕಾಲು ಗಂಟೆಯಾಗಿತ್ತು. ಅವರು ಕೇಳುವುದು ನಿಂತಿತ್ತು, ಉಸಿರು ಸ್ವಲ್ಪ ನಿಧಾನವಾಗಿತ್ತು. ಇಳಿಯುತ್ತಿದೆ ಎಂದೇ ನನಗನಿಸಿತು.

ಆಗ ಮಗಳು ಒಳಗಿನಿಂದ ಬಂದಳು. ಈಗ ಐದನೇ ಕ್ಲಾಸು. ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು. ನನ್ನ ಕಡೆ ಒಮ್ಮೆ ನೋಡಿದಳು, ನನ್ನ ಕೈಗಳು ತೊಡೆಯ ಕೆಳಗಿದ್ದವು. ತನ್ನ ಬಲಗೈಯನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅಪ್ಪ, ಯಾರಿಗೂ ಏನೂ ಆಗಿಲ್ಲ. ಆಣೆ."

ಒಂದು ಪದವೂ ತಪ್ಪಲಿಲ್ಲ. ಅವರ ಭುಜ ಕೆಳಗಿಳಿಯಿತು, ಮುಖಕ್ಕೆ ಬಣ್ಣ ಬಂತು. ಮಗಳ ಕೆನ್ನೆ ಸವರಿ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತರು. ನಾನು ಬಡಿಸಿದೆ. ಪಾಯಸ ಎರಡು ಸಲ ಹಾಕಿಸಿಕೊಂಡರು.

ಅವರು ಹೊರಗೆ ಹೋದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ. ಅಪ್ಪನಿಗೆ ಕಾಯಿಲೆ ಇದೆ, ಆ ಮಾತು ಕೇಳಿದರೆ ಕಾಯಿಲೆ ಜಾಸ್ತಿಯಾಗುತ್ತದೆ, ಇನ್ನು ಮೇಲೆ ನೀನೂ ಹೇಳಬಾರದು ಎಂದೆ. ಗುಂಪಿನ ತಾಯಿ ನನಗೆ ಹೇಳಿದ್ದನ್ನೇ, ಪುಟದಲ್ಲಿ ಓದಿದ್ದನ್ನೇ, ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಜಡೆಯ ತುದಿ ತಿರುವಿದಳು.

"ಅಮ್ಮ, ನಾನು ಹೇಳ್ಲಿಲ್ಲ ಅಂದ್ರೆ ಅಪ್ಪಂಗೆ ಏನೂ ಆಗಲ್ಲ ಅಲ್ವಾ?" ಎಂದಳು.

ಇಲ್ಲ, ಏನೂ ಆಗಲ್ಲ ಎಂದೆ.

ಅವಳು ನನ್ನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಹಂಗಲ್ಲ, ಹಿಂಗೆ ಹೇಳು" ಎಂದಳು.